ಎರಡನೇ ಜನಮತಗಣನೆ ಬೇಕೇ ಬೇಡವೇ: ವಾದಕ್ಕೆ ಇಳಿಯುವ ಮುನ್ನ ಏನೇನು ನೋಡಬೇಕು

ಬ್ರಿಟನ್ನಿಗೆ ಓದಲು ಅಥವಾ ಕೆಲಸಕ್ಕೆ ಬಂದ ಕನ್ನಡದವರಿಗೆ ನಾನು ಮೊದಲು ಹೇಳುವ ಮಾತು ಇದು: ಕೌನ್ಸಿಲ್‌ನಿಂದ ಮತದಾರರ ಪಟ್ಟಿಯ ಕಾಗದ ಬಂದರೆ ಕಸದ ಬುಟ್ಟಿಗೆ ಹಾಕಬೇಡಿ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಇಲ್ಲಿ ಓಟು ಹಾಕಬಹುದು. ಕಾಮನ್‌ವೆಲ್ತ್ ದೇಶದವರು ಸರಿಯಾದ ವೀಸಾದ ಮೇಲೆ ಇಲ್ಲಿ ವಾಸವಿದ್ದರೆ ಸಾಕು, ಹೆಸರು ಸೇರಿಸಿಕೊಳ್ಳುತ್ತಾರೆ. ಕೊನೇ ದಿನದವರೆಗೆ ಕಾಯಬೇಡಿ. 2016ರ ಜೂನ್ 7ರ ರಾತ್ರಿ, ಯುರೋಪಿಯನ್ ಒಕ್ಕೂಟದ ಮತದಾನಕ್ಕೆ ನೋಂದಣಿಯ ಕೊನೇ ಗಂಟೆಗಳಲ್ಲಿ, ಸರ್ಕಾರದ ವೆಬ್‌ಸೈಟೇ ಕುಸಿದು ಬಿತ್ತು. ಪಾರ್ಲಿಮೆಂಟು ತರಾತುರಿಯಲ್ಲಿ ಗಡುವನ್ನು ಎರಡು ದಿನ ಮುಂದಕ್ಕೆ ಹಾಕಬೇಕಾಯಿತು.

ನಾನು ತುಮಕೂರಿನವಳು. ಇರುವುದು ಎಡಿನ್‌ಬರೋದ ಲೀತ್‌ನಲ್ಲಿ. 2014ರಲ್ಲಿ ಸ್ಕಾಟ್ಲೆಂಡ್ ಬೇರೆ ದೇಶವಾಗಬೇಕೇ ಎಂಬುದಕ್ಕೂ, 2016ರಲ್ಲಿ ಬ್ರಿಟನ್ ಯುರೋಪಿಯನ್ ಒಕ್ಕೂಟದಲ್ಲಿ ಉಳಿಯಬೇಕೇ ಎಂಬುದಕ್ಕೂ ಓಟು ಹಾಕಿದ್ದೇನೆ. ನಮ್ಮ ಎದುರು ಮನೆಯಲ್ಲಿ ಒಬ್ಬ ಫ್ರೆಂಚ್ ಹೆಂಗಸು ಇದ್ದಾರೆ. ಅವರಿಗೆ 2014ರಲ್ಲಿ ಓಟು ಇತ್ತು, 2016ರಲ್ಲಿ ಇರಲಿಲ್ಲ. ಅವರು ಇಲ್ಲಿ ಇರುವುದೋ ಬಿಡುವುದೋ ಎಂಬ ಪ್ರಶ್ನೆಗೆ ತುಮಕೂರಿನ ನಾನು ಉತ್ತರ ಕೊಟ್ಟೆ, ಅವರು ಕೊಡುವ ಹಾಗಿರಲಿಲ್ಲ. ಇದನ್ನು ಅವರು ನಗುತ್ತಲೇ ಹೇಳುತ್ತಾರೆ. ನನಗೆ ನಗು ಬರುವುದಿಲ್ಲ.

ಈ ಎರಡೂ ಜನಮತಗಣನೆ, ಅಂದರೆ ಒಂದು ಪ್ರಶ್ನೆಯನ್ನು ನೇರವಾಗಿ ಜನರ ಮುಂದೆ ಇಡುವ ಮತದಾನ, ಮುಗಿದ ಮೇಲೆ ಶುರುವಾದದ್ದೇ "ಇನ್ನೊಂದ್ಸಲ ಕೇಳಿ" ಎನ್ನುವ ಜಗಳ. ಆಫೀಸಿನ ಊಟದ ಮೇಜಿನಲ್ಲಿ, ಯುಗಾದಿಗೆ ಸೇರಿದ ಕನ್ನಡದವರ ನಡುವೆ, ಬೆಂಗಳೂರಿನ ಭಾವನ ಫೋನಿನಲ್ಲಿ, ಎಲ್ಲ ಕಡೆ ಅದೇ. ಭಾವ ಕೇಳುವುದು ಒಂದೇ ಪ್ರಶ್ನೆ: "ಓಟು ಹಾಕಿದ್ದಾಯ್ತು, ಎಣಿಸಿದ್ದಾಯ್ತು. ಇನ್ನೇನು ಉಳಿದಿದೆ?" ಬಹಳಷ್ಟು ಉಳಿದಿದೆ. ಈ ವಾದ ನಿಮ್ಮ ಮುಂದೆ ಬಂದಾಗ ತಲೆ ಕೆಡಿಸಿಕೊಳ್ಳದೆ ತೂಗಿ ನೋಡುವುದು ಹೇಗೆ, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಚೀಟಿಯನ್ನು ಅಕ್ಷರಶಃ ಓದಿ

ಜನ ಯಾವುದಕ್ಕೆ ಓಟು ಹಾಕಿದರು ಎಂದು ಎಲ್ಲರೂ ಹೇಳುತ್ತಾರೆ. ಚೀಟಿಯ ಮೇಲೆ ಏನಿತ್ತು ಎಂದು ಕೇಳಿ ನೋಡಿ, ಮುಕ್ಕಾಲು ಪಾಲು ಮಂದಿಗೆ ನೆನಪಿರುವುದಿಲ್ಲ.

2014ರ ಸೆಪ್ಟೆಂಬರ್ 18ರ ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು: ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೇ? ಕೆಳಗೆ ಹೌದು, ಇಲ್ಲ ಎಂದು ಎರಡು ಚೌಕ. ಶೇ 84.6ರಷ್ಟು ಜನ ಬಂದು ಓಟು ಹಾಕಿದರು. ಇಲ್ಲ ಎಂದವರು ಶೇ 55.3, ಹೌದು ಎಂದವರು ಶೇ 44.7.

2016ರ ಜೂನ್ 23ರ ಚೀಟಿಯಲ್ಲಿ ಹೌದು, ಇಲ್ಲ ಇರಲಿಲ್ಲ. "ಉಳಿಯಬೇಕೇ, ಹೊರಬರಬೇಕೇ" ಎಂಬ ಪ್ರಶ್ನೆ. ಉತ್ತರಗಳೂ ಪೂರ್ತಿ ವಾಕ್ಯಗಳು: ಯುರೋಪಿಯನ್ ಒಕ್ಕೂಟದ ಸದಸ್ಯನಾಗಿ ಉಳಿಯಬೇಕು, ಯುರೋಪಿಯನ್ ಒಕ್ಕೂಟದಿಂದ ಹೊರಬರಬೇಕು. ಸರ್ಕಾರ ಮೊದಲು ಹೌದು-ಇಲ್ಲ ಪ್ರಶ್ನೆಯನ್ನೇ ಬರೆದಿತ್ತು. ಹಾಗೆ ಕೇಳಿದರೆ ಉಳಿಯುವ ಕಡೆಗೆ ತಳ್ಳಿದ ಹಾಗಾಗುತ್ತದೆ ಎಂದು ಚುನಾವಣಾ ಆಯೋಗ ಹೇಳಿದ್ದಕ್ಕೆ ಬದಲಾಯಿಸಿದರು. ಮತಗಟ್ಟೆಯಲ್ಲಿ ಗುರುತು ಹಾಕಲು ಇಟ್ಟದ್ದು ದಾರ ಕಟ್ಟಿದ ಸೀಸದ ಕಡ್ಡಿ. ಅದನ್ನು ಯಾರೋ ಅಳಿಸಿಬಿಡುತ್ತಾರೆ, ಪೆನ್ನು ತಗೊಂಡು ಹೋಗಿ ಎಂಬ ಗುಲ್ಲು ಆ ವಾರವೆಲ್ಲ ಹಬ್ಬಿತ್ತು. ನನ್ನ ಮುಂದೆ ಸಾಲಿನಲ್ಲಿ ನಿಂತಿದ್ದ ಅಜ್ಜ ಜೇಬಿನಿಂದ ಬಾಲ್ ಪೆನ್ನು ತೆಗೆದು, ಕ್ಲಿಕ್ ಮಾಡಿ ನೋಡಿ, ಮತ್ತೆ ಜೇಬಿಗೆ ಸೇರಿಸಿದರು.

ಫಲಿತಾಂಶ ನಿಮಗೆ ಗೊತ್ತು: ಹೊರಬರಬೇಕು ಶೇ 51.9, ಉಳಿಯಬೇಕು ಶೇ 48.1. ಸುಮಾರು 1 ಕೋಟಿ 74 ಲಕ್ಷ ಓಟು ಒಂದು ಕಡೆ, 1 ಕೋಟಿ 61 ಲಕ್ಷ ಇನ್ನೊಂದು ಕಡೆ.

ಈಗ ಚೀಟಿಯಲ್ಲಿ ಏನಿರಲಿಲ್ಲ ಎಂದು ಪಟ್ಟಿ ಮಾಡಿ. ಒಕ್ಕೂಟ ಬಿಟ್ಟ ಮೇಲೆ, ಸರಕೂ ಜನರೂ ತಡೆಯಿಲ್ಲದೆ ಓಡಾಡುವ ಅದರ ಸಿಂಗಲ್ ಮಾರ್ಕೆಟ್‌ನಲ್ಲಿ ಇರುವುದೋ ಇಲ್ಲವೋ? ಒಳಗೆ ಸುಂಕವಿಲ್ಲದ, ಹೊರಗಿನವರಿಗೆ ಒಂದೇ ಸುಂಕದ ಕಸ್ಟಮ್ಸ್ ಯೂನಿಯನ್ನಿನಲ್ಲಿ? ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿಗೂ ಒಕ್ಕೂಟದಲ್ಲಿರುವ ಐರ್ಲೆಂಡಿಗೂ ನಡುವಿನ ಗಡಿಯಲ್ಲಿ ಚೆಕ್‌ಪೋಸ್ಟ್ ಬರುತ್ತದೆಯೇ? ಒಂದೂ ಇರಲಿಲ್ಲ. ನಾರ್ವೆಯ ಹಾಗೆ ಅರ್ಧ ಒಳಗೆ ಇರೋಣ ಎಂದವರೂ, ಪೂರ್ತಿ ಕಡಿದುಕೊಳ್ಳೋಣ ಎಂದವರೂ ಒಂದೇ ಚೌಕದಲ್ಲಿ ಗುರುತು ಹಾಕಿದ್ದರು. ಮುಂದಿನ ಮೂರೂವರೆ ವರ್ಷದ ರಗಳೆಗೆಲ್ಲ ಬೇರು ಇಲ್ಲೇ ಇದೆ. ಅಂತರ ಕಡಿಮೆ ಇತ್ತು ಎಂಬುದರಲ್ಲಿ ಅಲ್ಲ.

ಪಕ್ಷ ಬದಲಿಸಿ ನೋಡಿ

ಇದನ್ನು ಮಾಡಲು ಒಂದು ನಿಮಿಷ ಸಾಕು, ಆದರೆ ಮಾಡುವವರು ಕಮ್ಮಿ. "ನಾನು ಗೆದ್ದಿದ್ದರೂ ಇದೇ ಮಾತು ಹೇಳುತ್ತಿದ್ದೆನಾ?" ಎಂದು ಕೇಳಿಕೊಳ್ಳಿ.

2016ರ ಮೇ ತಿಂಗಳಲ್ಲಿ, ಹೊರಬರಬೇಕು ಎಂದು ಓಡಾಡುತ್ತಿದ್ದ ನೈಜೆಲ್ ಫರಾಜ್ ಒಂದು ಪತ್ರಿಕೆಗೆ ಹೇಳಿದ್ದರು: 52-48ರಲ್ಲಿ ಉಳಿಯುವವರು ಗೆದ್ದರೆ ವಿಷಯ ಅಲ್ಲಿಗೆ ಮುಗಿಯುವುದಿಲ್ಲ. ಅಂಕಿ ಹೆಚ್ಚುಕಡಿಮೆ ಹಾಗೇ ಬಂತು, ಆದರೆ ಉಲ್ಟಾ. ಆಮೇಲೆ ಆ ಕಡೆಯವರಿಗೆ ಅದೇ ಅಂತರ ಕಲ್ಲಿನ ಮೇಲಿನ ಬರಹವಾಯಿತು.

ಇದಕ್ಕಿಂತ ಮಜಾ ಆ ಪ್ರಸಿದ್ಧ ಮನವಿಯದ್ದು. ಶೇ 75ಕ್ಕಿಂತ ಕಡಿಮೆ ಜನ ಓಟು ಹಾಕಿ, ಗೆದ್ದವರಿಗೆ ಶೇ 60ಕ್ಕಿಂತ ಕಡಿಮೆ ಸಿಕ್ಕರೆ ಎರಡನೇ ಸಲ ಕೇಳಬೇಕು ಎಂದು ಪಾರ್ಲಿಮೆಂಟಿನ ಸೈಟಿನಲ್ಲಿ ಹಾಕಿದ್ದ ಅರ್ಜಿ ಅದು. 41 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಅದನ್ನು ಬರೆದದ್ದು ಯಾರು? ಹೊರಬರಬೇಕು ಎನ್ನುವ ಕಡೆಯ ಒಬ್ಬ, ಮತದಾನಕ್ಕೆ ಮುಂಚೆ, ತಮ್ಮ ಕಡೆ ಸೋಲುತ್ತದೆ ಎಂದುಕೊಂಡು! ಫಲಿತಾಂಶ ಬಂದ ಬೆಳಗ್ಗೆ ಎದುರು ಕಡೆಯವರು ಬಂದು ಸಹಿ ಹಾಕಿದರು.

ಸ್ಕಾಟ್ಲೆಂಡಿನಲ್ಲಿ ಈ ಪರೀಕ್ಷೆ ಇನ್ನೂ ಖಾರ. ನನ್ನ ಒಬ್ಬ ಸಹೋದ್ಯೋಗಿ ಯುರೋಪಿನ ನೀಲಿ ಬಾವುಟ ಹೊದ್ದು, ಒಕ್ಕೂಟದ ಪ್ರಶ್ನೆಯನ್ನು ಮತ್ತೆ ಕೇಳಿ ಎನ್ನುವ ಲಂಡನ್ನಿನ ಮೆರವಣಿಗೆಗೆ ಹೋಗಿ ಬಂದವರು. "ಜನ ಮನಸ್ಸು ಬದಲಿಸಬಾರದಾ?" ಎಂದು ಕೇಳುತ್ತಿದ್ದರು. ಅದೇ ಮನುಷ್ಯ ಸ್ಕಾಟ್ಲೆಂಡಿನ ಎರಡನೇ ಮತದಾನದ ಮಾತು ಬಂದರೆ "2014ರಲ್ಲೇ ಮುಗೀತಲ್ಲ, ತಲೆಮಾರಿಗೆ ಒಂದು ಸಲ ಅಂದಿದ್ರಲ್ಲ" ಎನ್ನುತ್ತಾರೆ. ಅವರ ಪಕ್ಕದ ಮೇಜಿನವರದ್ದೂ ಎರಡು ನಾಲಿಗೆ: ಇಂಡಿರೆಫ್ ಟೂ, ಅಂದರೆ ಸ್ವಾತಂತ್ರ್ಯದ ಎರಡನೇ ಮತದಾನ, ನಾಳೆಯೇ ಬೇಕು, ಗೆದ್ದ ಮೇಲೆ ಮಾತ್ರ ಮೂರನೆಯದು ಬೇಡ. ಇಬ್ಬರೂ ಒಳ್ಳೆಯವರು. ಇಬ್ಬರನ್ನೂ ಒಂದೇ ಸಲ ಟೀ ಕುಡಿಯಲು ಕರೆಯಬೇಡಿ.

ಪಕ್ಷ ಬದಲಿಸಿದಾಗ ನಿಮ್ಮ ವಾದ ನಿಲ್ಲದಿದ್ದರೆ ಆ ವಾದವನ್ನು ಅಲ್ಲೇ ಬಿಡಿ. "ಅಂತರ ಕಡಿಮೆ", "ಅವರು ಸುಳ್ಳು ಹೇಳಿದರು", "ಮುದುಕರೆಲ್ಲ ಸೇರಿ ಮಾಡಿದ್ದು" ಇವೆಲ್ಲ ಸಾಮಾನ್ಯವಾಗಿ ಇಲ್ಲೇ ಉದುರಿ ಹೋಗುತ್ತವೆ. ಬ್ರಿಟನ್ ಒಕ್ಕೂಟಕ್ಕೆ ವಾರಕ್ಕೆ 35 ಕೋಟಿ ಪೌಂಡ್ ಕಳಿಸುತ್ತದೆ ಎಂದು ಹೊರಬರುವ ಕಡೆಯವರು ಪ್ರಚಾರದ ಬಸ್ಸಿನ ಮೇಲೆ ಬರೆದ ಲೆಕ್ಕ ದಾರಿ ತಪ್ಪಿಸುವಂಥದ್ದು ಎಂದು ಅಂಕಿಅಂಶ ಪ್ರಾಧಿಕಾರವೇ ಹೇಳಿತ್ತು, ನಿಜ. ಆದರೆ ಸುಳ್ಳು ಹೇಳಿದ್ದಕ್ಕೆ ಮರು ಮತದಾನ ಎಂದರೆ ಯಾವ ದೇಶದ ಯಾವ ಚುನಾವಣೆ ಉಳಿಯುತ್ತದೆ ಹೇಳಿ?

ಎರಡು ಚೀಟಿಗಳನ್ನು ಅಕ್ಕಪಕ್ಕ ಇಡಿ

ನನ್ನ ಪ್ರಕಾರ ಇಡೀ ವಾದ ನಿಲ್ಲುವುದು ಬೀಳುವುದು ಇಲ್ಲೇ. ಎರಡನೇ ಸಲ ಕೇಳುವ ಪ್ರಶ್ನೆಯಲ್ಲಿ ಹೊಸದೇನು ಬಂದಿದೆ? ಅಂತರ ಎಷ್ಟಿತ್ತು ಎಂಬುದಕ್ಕಿಂತ ಇದು ಮುಖ್ಯ.

ಡೆನ್ಮಾರ್ಕ್ ನೋಡಿ. 1992ರ ಜೂನ್ 2ರಂದು, ಯುರೋಪಿಯನ್ ಒಕ್ಕೂಟವನ್ನು ಕಟ್ಟಿದ ಮಾಸ್ಟ್ರಿಕ್ಟ್ ಒಪ್ಪಂದಕ್ಕೆ ಶೇ 50.7 ಮಂದಿ ಬೇಡ ಎಂದರು. ಅದೇ ಡಿಸೆಂಬರಿನಲ್ಲಿ ಯುರೋಪಿನ ನಾಯಕರು ಸೇರಿ ಡೆನ್ಮಾರ್ಕಿಗೆ ನಾಲ್ಕು ವಿನಾಯಿತಿ ಕೊಟ್ಟರು. ಸೇರಿದ್ದು ಇದೇ ಎಡಿನ್‌ಬರೋದಲ್ಲಿ. ಯೂರೋ ನಾಣ್ಯ ಬೇಡವೆನ್ನುವ ಹಕ್ಕು ಆ ನಾಲ್ಕರಲ್ಲಿ ಒಂದು. 1993ರ ಮೇ 18ರಂದು ಮತ್ತೆ ಕೇಳಿದರು, ಶೇ 56.7 ಮಂದಿ ಹೂಂ ಎಂದರು. ಎರಡನೇ ಚೀಟಿಯಲ್ಲಿ ಹೊಸದು ಇತ್ತು. ಆದರೂ ಆ ರಾತ್ರಿ ಕೋಪನ್‌ಹೇಗನ್ನಿನಲ್ಲಿ ದೊಡ್ಡ ಗಲಭೆಯಾಯಿತು. ಪ್ರಶ್ನೆ ಬದಲಾಗಿದೆ ಎಂದು ಸೋತವರು ಒಪ್ಪಿಬಿಡುತ್ತಾರೆ ಎಂದುಕೊಳ್ಳಬೇಡಿ.

ಐರ್ಲೆಂಡಿನಲ್ಲಿ ಎರಡು ಸಲ ಹೀಗೆ ನಡೆಯಿತು. 2001ರಲ್ಲಿ ಒಕ್ಕೂಟದ ನೀಸ್ ಒಪ್ಪಂದಕ್ಕೆ ಬೇಡ ಎಂದಾಗ ಓಟು ಹಾಕಿದ್ದು ಶೇ 34.8ರಷ್ಟು ಜನ ಮಾತ್ರ. ಮರುವರ್ಷ ಅರ್ಧದಷ್ಟು ಜನ ಬಂದು ಬೇಕು ಎಂದರು. 2008ರಲ್ಲಿ ಒಕ್ಕೂಟದ ಲಿಸ್ಬನ್ ಒಪ್ಪಂದಕ್ಕೆ ಶೇ 53.4 ಬೇಡ ಎಂದರು. ತೆರಿಗೆ, ಗರ್ಭಪಾತ, ತಟಸ್ಥ ನೀತಿ ಇವುಗಳ ಬಗ್ಗೆ ಭರವಸೆ ಬರೆಸಿಕೊಂಡ ಮೇಲೆ 2009ರ ಅಕ್ಟೋಬರಿನಲ್ಲಿ ಶೇ 67.1 ಬೇಕು ಎಂದರು. "ಸರಿ ಉತ್ತರ ಬರೋವರೆಗೆ ಕೇಳ್ತಾನೇ ಇರ್ತಾರೆ" ಎಂಬ ಮಾತು ಬ್ರಿಟನ್ನಿನಲ್ಲಿ ಜೋರಾಗಲು ಇವೇ ಕಾರಣ. ಲಿಸ್ಬನ್ ವಿಷಯದಲ್ಲಿ ಆ ದೂರನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಒಪ್ಪಂದದ ಅಕ್ಷರ ಬದಲಾಗಲಿಲ್ಲ ನಿಜ. ಆದರೆ ಜನ ಹೆದರಿದ್ದ ವಿಷಯಗಳಿಗೆ ಬರಹದಲ್ಲಿ ಉತ್ತರ ಸಿಕ್ಕಿತ್ತು.

ಇನ್ನು ಕೆಲವು ಸಲ ಚೀಟಿ ಬದಲಾಗದೆ ಕಾಲವೇ ಬದಲಾಗಿರುತ್ತದೆ. ಐರ್ಲೆಂಡಿನಲ್ಲಿ ವಿಚ್ಛೇದನಕ್ಕೆ ಅವಕಾಶ ಕೊಡಬೇಕೇ ಎಂದು 1986ರಲ್ಲಿ ಕೇಳಿದಾಗ ಶೇ 63.5 ಬೇಡ ಎಂದರು. 1995ರಲ್ಲಿ ಬರೀ 9,114 ಓಟಿನಿಂದ ಬೇಕು ಎಂದು ಗೆದ್ದಿತು. ಮತ್ತೊಂದು ಪ್ರಶ್ನೆ ನಮ್ಮ ಬೆಳಗಾವಿಯನ್ನು ಮುಟ್ಟುತ್ತದೆ. ಗರ್ಭದಲ್ಲಿರುವ ಮಗುವಿಗೂ ತಾಯಿಯಷ್ಟೇ ಜೀವದ ಹಕ್ಕು ಎಂಬ ಮಾತನ್ನು 1983ರಲ್ಲಿ ಐರ್ಲೆಂಡಿನ ಜನ ಶೇ 66.9ರಷ್ಟು ಓಟು ಕೊಟ್ಟು ಸಂವಿಧಾನಕ್ಕೆ ಸೇರಿಸಿದ್ದರು. 2012ರ ಅಕ್ಟೋಬರಿನಲ್ಲಿ ಬೆಳಗಾವಿಯ ಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ್ ಗಾಲ್ವೇಯಲ್ಲಿ ತೀರಿಕೊಂಡರು. ಗರ್ಭ ಉಳಿಯುವುದಿಲ್ಲ ಎಂದು ಗೊತ್ತಿದ್ದರೂ, ಅವರು ಕೇಳಿದ ಗರ್ಭಪಾತ ಸಿಕ್ಕಿರಲಿಲ್ಲ. ಸೋಂಕು ಏರಿತ್ತು. 2018ರ ಮೇ 25ರಂದು ಅದೇ ತಿದ್ದುಪಡಿಯನ್ನು ತೆಗೆಯಬೇಕೇ ಎಂದು ಕೇಳಿದಾಗ ಶೇ 66.4 ಮಂದಿ ತೆಗೆಯಿರಿ ಎಂದರು. ಡಬ್ಲಿನ್ನಿನ ಗೋಡೆಯ ಮೇಲಿನ ಸವಿತಾ ಚಿತ್ರಕ್ಕೆ ಜನ ಚೀಟಿ ಅಂಟಿಸಿ ಹೋದರು. 1983ರಲ್ಲಿ ಓಟು ಹಾಕಿದ ಎಷ್ಟೋ ಮಂದಿ ಆಗ ಇರಲಿಲ್ಲ. 2018ರಲ್ಲಿ ಹಾಕಿದ ಎಷ್ಟೋ ಮಂದಿ 1983ರಲ್ಲಿ ಹುಟ್ಟಿರಲಿಲ್ಲ. "ಒಂದ್ಸಲ ಕೇಳಿದ್ದಾಯ್ತಲ್ಲ" ಎನ್ನುವವರು ಇದಕ್ಕೆ ಏನು ಹೇಳುತ್ತಾರೆ ಎಂದು ಕೇಳಿ ನೋಡಿ. ಭಾವ ಸುಮ್ಮನಾದರು.

ಈ ಅಳತೆಯಲ್ಲಿ ಬ್ರಿಟನ್ನಿನ ಎರಡನ್ನೂ ಇಟ್ಟು ನೋಡೋಣ. ಸ್ಕಾಟ್ಲೆಂಡಿಗೆ ಎರಡನೇ ಮತದಾನ ಬೇಕು ಎನ್ನುವವರ ವಾದ: 2014ರಲ್ಲಿ ಬ್ರಿಟನ್ನಿನಲ್ಲಿ ಉಳಿದರೆ ಯುರೋಪಿನಲ್ಲೂ ಉಳಿಯುತ್ತೀರಿ ಎಂದಿದ್ದರು. 2016ರಲ್ಲಿ ಸ್ಕಾಟ್ಲೆಂಡ್ ಶೇ 62ರಷ್ಟು ಉಳಿಯಬೇಕು ಎಂದರೂ ಹೊರಗೆ ಬರಬೇಕಾಯಿತು. ಎಸ್‌ಎನ್‌ಪಿ (ಸ್ವಾತಂತ್ರ್ಯ ಬೇಕೆನ್ನುವ ಸ್ಕಾಟಿಷ್ ನ್ಯಾಷನಲ್ ಪಾರ್ಟಿ) ಹೀಗಾದರೆ ಮತ್ತೆ ಕೇಳಬಹುದು ಎಂದು ತನ್ನ 2016ರ ಪ್ರಣಾಳಿಕೆಯಲ್ಲಿ ಮೊದಲೇ ಬರೆದಿಟ್ಟಿತ್ತು ಎಂಬುದು ಗಟ್ಟಿ ಅಂಶ. ಎದುರು ವಾದ: "ತಲೆಮಾರಿಗೆ ಒಂದು ಸಲ" ಎಂದು ನೀವೇ ಹೇಳಿಕೊಂಡು ತಿರುಗಿದಿರಿ. ಅದೂ ನಿಜ. ಆದರೆ ಅದು ಭಾಷಣ, ಕಾನೂನಲ್ಲ.

ಬ್ರೆಕ್ಸಿಟ್, ಅಂದರೆ ಒಕ್ಕೂಟದಿಂದ ಹೊರಬರುವ ವಿಷಯಕ್ಕೆ ಬಂದರೆ, ಊರಿನಲ್ಲಿ ಸೈಟು ತಗೊಳ್ಳೋಣ ಎಂದು ಮನೆಯವರೆಲ್ಲ ಒಪ್ಪುವುದು ಒಂದು, ಕ್ರಯಪತ್ರ ಕೈಗೆ ಬಂದಾಗ ಓದಿ ಸಹಿ ಹಾಕುವುದು ಇನ್ನೊಂದು, ಅಲ್ವಾ? ಹೊರಬರುವ ಬಗ್ಗೆ ಆಗಿನ ಪ್ರಧಾನಿ ತೆರೆಸಾ ಮೇ ಮಾಡಿಕೊಂಡ ಒಪ್ಪಂದ 2018ರ ನವೆಂಬರಿನಲ್ಲಿ ಬಂತು. ಆಗ ಮೊದಲ ಸಲ ಪತ್ರ ಕಣ್ಣಿಗೆ ಬಿತ್ತು. ಅದನ್ನು ಜನರ ಮುಂದೆ ಇಡಿ ಎನ್ನುವುದು ನ್ಯಾಯವಾದ ಕೇಳಿಕೆಯೇ. ಹಾಗೆ ಎರಡು ಹಂತದಲ್ಲಿ ಕೇಳಬಹುದು ಎಂದು 2011ರಲ್ಲಿ ಪಾರ್ಲಿಮೆಂಟಿನಲ್ಲಿ ಹೇಳಿದವರು ಕನ್ಸರ್ವೇಟಿವ್ ಸಂಸದ ಜೇಕಬ್ ರೀಸ್-ಮಾಗ್. ಆಮೇಲೆ ಬ್ರೆಕ್ಸಿಟ್‌ನ ದೊಡ್ಡ ದನಿಯಾದವರು ಅವರೇ!

ಚೌಕ ಎಷ್ಟು, ಬರೆಯುವವರು ಯಾರು

ಮೆರವಣಿಗೆಯಲ್ಲಿ ಕೂಗುವಾಗ ಇದನ್ನು ಯಾರೂ ಕೇಳುವುದಿಲ್ಲ. ನೀವು ಕೇಳಿ. ಮೇ ಒಪ್ಪಂದ, ಒಕ್ಕೂಟದಲ್ಲೇ ಉಳಿಯುವುದು, ಒಪ್ಪಂದವೇ ಇಲ್ಲದೆ ಹೊರಡುವುದು: ಮೂರು ದಾರಿ ಇದ್ದವು. ಚೌಕ ಎರಡೇ ಇದ್ದರೆ ಒಬ್ಬರನ್ನು ಹೊರಗಿಟ್ಟ ಹಾಗೆ. ಮೂರು ಇದ್ದರೆ ಹೊರಬರುವವರ ಓಟು ಒಡೆದು ಉಳಿಯುವವರು ಸುಮ್ನೆ ಗೆಲ್ಲಬಹುದು. 2018ರ ಜುಲೈಯಲ್ಲಿ ಮಾಜಿ ಸಚಿವೆ ಜಸ್ಟಿನ್ ಗ್ರೀನಿಂಗ್ ಮೂರು ದಾರಿ ಇಟ್ಟು, ಮೊದಲ ಆಯ್ಕೆ ಎರಡನೇ ಆಯ್ಕೆ ಎಂದು ಗುರುತು ಹಾಕಿಸಿ ಎಂದರು. ಬುದ್ಧಿವಂತ ದಾರಿ. ಯಾರೂ ಹಿಡಿಯಲಿಲ್ಲ.

ಬ್ರೆಕ್ಸಿಟ್ ಬಗ್ಗೆ ಎರಡನೇ ಮತದಾನ ಬೇಕೆಂದು 2018ರ ಏಪ್ರಿಲಿನಲ್ಲಿ ಶುರುವಾದ ಪೀಪಲ್ಸ್ ವೋಟ್ ಚಳವಳಿ ಎಡವಿದ್ದು ಇಲ್ಲೇ ಎಂದು ನನಗೆ ಅನ್ನಿಸುತ್ತದೆ. ಬಾಯಲ್ಲಿ "ಕೊನೇ ಮಾತು ಜನರದ್ದು", ಕೈಯಲ್ಲಿ ಯುರೋಪಿನ ಬಾವುಟ. ಉಳಿಯುವುದೇ ಗುರಿ ಎಂದು ಇಂಗ್ಲೆಂಡಿನ ಈಶಾನ್ಯದ ಸಂಡರ್‌ಲ್ಯಾಂಡಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಎದುರು ಕಡೆಯ ಗಟ್ಟಿ ವಾದವನ್ನು ಕೇಳಿಸಿಕೊಳ್ಳಿ

ಸಂಡರ್‌ಲ್ಯಾಂಡ್ ಎಂದೆನಲ್ಲ, ಅಲ್ಲಿ ಶೇ 61 ಮಂದಿ ಹೊರಬರಬೇಕು ಎಂದಿದ್ದರು. ದೇಶದಾದ್ಯಂತ ಶೇ 72.2 ಮತದಾನ. 1992ರ ಚುನಾವಣೆಯ ನಂತರ ಇಡೀ ಬ್ರಿಟನ್ನಿನಲ್ಲಿ ಅಷ್ಟು ಜನ ಬಂದದ್ದು ಅದೇ. ಯಾರು ಗೆದ್ದರೂ ನಮ್ಮ ಬೀದಿ ಬದಲಾಗಲ್ಲ ಎಂದು ಮನೆಯಲ್ಲೇ ಉಳಿಯುತ್ತಿದ್ದವರೂ ಅವತ್ತು ಎದ್ದು ಬಂದರು. ಅದಕ್ಕೂ ಮುಂಚೆ, 93 ಲಕ್ಷ ಪೌಂಡ್ ಖರ್ಚು ಮಾಡಿ ಸರ್ಕಾರ ಮನೆಮನೆಗೆ ಒಂದು ಕರಪತ್ರ ಕಳಿಸಿತ್ತು. "ನೀವು ಏನು ತೀರ್ಮಾನಿಸುತ್ತೀರೋ ಅದನ್ನು ಸರ್ಕಾರ ಜಾರಿ ಮಾಡುತ್ತದೆ" ಎಂದು ಅದರಲ್ಲಿ ಅಚ್ಚಾಗಿತ್ತು. ನಮ್ಮ ಮನೆಗೂ ಬಂದಿತ್ತು. ಹಾಗೆ ಬರೆದುಕೊಟ್ಟ ಮೇಲೆ, ಒಮ್ಮೆಯೂ ಜಾರಿ ಮಾಡದೆ ಮತ್ತೆ ಕೇಳಿದರೆ ಅವರಿಗೆ ಹೇಗಾಗಬೇಡ? ಡೆನ್ಮಾರ್ಕಿಗೂ ಐರ್ಲೆಂಡಿಗೂ ಇಲ್ಲದ ತೊಡಕು ಇದು. ಎರಡನೇ ಮತದಾನ ಬೇಕು ಎನ್ನುವವರು ಈ ಮಾತಿಗೆ ನೇರ ಉತ್ತರ ಕೊಟ್ಟದ್ದನ್ನು ನಾನು ಬಹಳ ಕಡಿಮೆ ಕೇಳಿದ್ದೇನೆ.

ಇದಕ್ಕೆ ಎದುರಾಗಿ ಒಂದು ತಮಾಷೆಯೂ ಇದೆ. ಜನರನ್ನು ಎರಡನೇ ಸಲ ಕೇಳುವುದು ಪ್ರಜಾಪ್ರಭುತ್ವಕ್ಕೆ ಅವಮಾನ ಎಂದ ಮೇ ಸರ್ಕಾರ, ಅದೇ ಒಪ್ಪಂದವನ್ನು ಸಂಸದರ ಮುಂದೆ ಮೂರು ಸಲ ಇಟ್ಟಿತು. 2019ರ ಜನವರಿ 15ರಂದು 432-202, ಮಾರ್ಚ್ 12ರಂದು 391-242, ಮಾರ್ಚ್ 29ರಂದು 344-286. ಮೂರೂ ಸಲ ಸೋಲು. ಒಂದೇ ಪ್ರಶ್ನೆ ಮತ್ತೆ ಮತ್ತೆ ತರಬೇಡಿ ಎಂದು ಸ್ಪೀಕರ್ ಜಾನ್ ಬರ್ಕೋ 1604ರ ಕಾಲದ ಸಂಪ್ರದಾಯವನ್ನು ಎತ್ತಿ ಹೇಳಬೇಕಾಯಿತು.

ಗುಂಪಿನ ಲೆಕ್ಕಕ್ಕೆ ಮರುಳಾಗಬೇಡಿ

ಎರಡನೇ ಮತದಾನ ಬೇಕೆಂದು ಲಂಡನ್ನಿನಲ್ಲಿ ನಡೆದ 2019ರ ಮಾರ್ಚ್ 23ರ ಮೆರವಣಿಗೆಗೆ ಹತ್ತು ಲಕ್ಷ ಜನ ಎಂದರು ಸಂಘಟಕರು. ಹೊರಗಿನವರ ಅಂದಾಜು ಮೂರ್ನಾಲ್ಕು ಲಕ್ಷ. ಅದೂ ಭಾರೀ ಗುಂಪೇ, ಉಬ್ಬಿಸುವ ಅಗತ್ಯ ಇರಲಿಲ್ಲ. ಮೊದಲು ಹೇಳಿದ ಮನವಿಯಲ್ಲಿ ಸಾವಿರ ಜನವೂ ಇಲ್ಲದ ವ್ಯಾಟಿಕನ್ ಸಿಟಿಯಿಂದ 39 ಸಾವಿರ ಸಹಿ ಬಂದಿತ್ತು. ಸುಮಾರು 77 ಸಾವಿರ ನಕಲಿ ಸಹಿ ತೆಗೆದು ಹಾಕಿದರು. ಮನವಿಗೆ ಸಹಿ ಹಾಕಿ, ಬೇಡ ಎನ್ನುವುದಿಲ್ಲ. ಕೆಲಸ ಆಗುವುದು ಬೇರೆ ಕಡೆ.

ಕೀಲಿ ಯಾರ ಕೈಯಲ್ಲಿದೆ, ಟೈಮ್ ಎಷ್ಟಿದೆ

ಬ್ರಿಟನ್ನಿನಲ್ಲಿ ಜನಮತಗಣನೆಗೆ ಸಾಮಾನ್ಯವಾಗಿ ಪ್ರತಿ ಸಲ ಹೊಸ ಕಾನೂನು ಬೇಕು. ಪ್ರಶ್ನೆಯನ್ನು ಆಯೋಗ ಪರೀಕ್ಷಿಸಬೇಕು, ಪ್ರಚಾರಕ್ಕೆ ಕನಿಷ್ಠ ಹತ್ತು ವಾರ ಬಿಡಬೇಕು. ಎಲ್ಲ ಸೇರಿ ಕನಿಷ್ಠ 22 ವಾರ ಎಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಕಾನ್‌ಸ್ಟಿಟ್ಯೂಷನ್ ಯೂನಿಟ್ 2018ರ ಅಕ್ಟೋಬರಿನಲ್ಲಿ ಲೆಕ್ಕ ಕೊಟ್ಟಿತ್ತು. ಆಗ ನಿಗದಿಯಾಗಿದ್ದ ಹೊರಡುವ ದಿನಕ್ಕೆ, ಅಂದರೆ 2019ರ ಮಾರ್ಚ್ 29ಕ್ಕೆ, ಉಳಿದಿದ್ದದ್ದೇ ಹೆಚ್ಚುಕಡಿಮೆ ಅಷ್ಟು ವಾರ. ಮೆರವಣಿಗೆಯಲ್ಲಿದ್ದ ಎಷ್ಟು ಜನ ಕ್ಯಾಲೆಂಡರ್ ನೋಡಿದ್ದರೋ ಗೊತ್ತಿಲ್ಲ.

ಕೊನೆಗೆ ಎಣಿಕೆ ನಡೆದದ್ದು ಪಾರ್ಲಿಮೆಂಟಿನಲ್ಲಿ. 2019ರ ಮಾರ್ಚ್ 27ರಂದು ಎರಡನೇ ಮತದಾನದ ಪರ 268, ವಿರುದ್ಧ 295. ಏಪ್ರಿಲ್ 1ರಂದು 280, 292. ಬರೀ 12 ಓಟು. ಡಿಸೆಂಬರ್ ಚುನಾವಣೆಯಲ್ಲಿ, ಹೊರಬರಬೇಕು ಎನ್ನುವ ಕಡೆಯ ಹೊಸ ಪ್ರಧಾನಿ ಬೋರಿಸ್ ಜಾನ್ಸನ್ 365 ಸೀಟು ಗೆದ್ದರು. 2020ರ ಜನವರಿ 31ಕ್ಕೆ ಬ್ರಿಟನ್ ಹೊರಬಂತು, ಆ ವಾದ ಅಲ್ಲಿಗೆ ನಿಂತಿತು.

ಸ್ಕಾಟ್ಲೆಂಡಿನ ಕೀಲಿ ಇಲ್ಲಿಲ್ಲ, ಲಂಡನ್ನಿನಲ್ಲಿದೆ. 2023ರ ಅಕ್ಟೋಬರ್ 19ಕ್ಕೆ ಎರಡನೇ ಮತದಾನದ ದಿನ ಗೊತ್ತು ಮಾಡಿದ್ದ ಸ್ಕಾಟ್ಲೆಂಡಿನ ಆಗಿನ ಫಸ್ಟ್ ಮಿನಿಸ್ಟರ್ ನಿಕೋಲಾ ಸ್ಟರ್ಜನ್ ಅವರಿಗೆ, ಲಂಡನ್ ಒಪ್ಪದೆ ಹಾಗೆ ಕಾನೂನು ಮಾಡುವ ಅಧಿಕಾರ ನಿಮ್ಮ ಪಾರ್ಲಿಮೆಂಟಿಗಿಲ್ಲ ಎಂದು 2022ರ ನವೆಂಬರ್ 23ರಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು. ಆದ್ದರಿಂದ ಹೋಲಿರೂಡ್, ಅಂದರೆ ಸ್ಕಾಟ್ಲೆಂಡಿನ ಪಾರ್ಲಿಮೆಂಟಿನ ಚುನಾವಣೆಯಲ್ಲಿ ಯಾರಾದರೂ "ಮುಂದಿನ ವರ್ಷವೇ ಮತದಾನ" ಎಂದರೆ, ಲಂಡನ್ ಒಪ್ಪದಿದ್ದರೆ ಏನು ಮಾಡುತ್ತೀರಿ ಎಂದು ಬಾಗಿಲಲ್ಲೇ ಕೇಳಿ. ನಾನು ಕೇಳುತ್ತೇನೆ. ಕರಪತ್ರ ಕೊಟ್ಟು ಬೇಗ ಹೊರಡುತ್ತಾರೆ.

ಮಸೂದೆ ಬಂದರೆ ಯಾವ ಸಾಲು ಹುಡುಕಬೇಕು

ಮುಂದೆ ಯಾವುದೇ ಜನಮತಗಣನೆಯ ಮಸೂದೆ ಬಂದರೂ ಮೂರು ವಿಷಯ ಹುಡುಕಿ: ಫಲಿತಾಂಶವನ್ನು ಸರ್ಕಾರ ಜಾರಿ ಮಾಡಲೇಬೇಕೇ, ಗೆಲ್ಲಲು ಎಷ್ಟು ಬೇಕು, ಮತ್ತೆ ಕೇಳುವುದು ಯಾವಾಗ. ಚುನಾವಣಾ ಪದ್ಧತಿ ಬದಲಿಸುವ 2011ರ ಮತದಾನದ ಕಾನೂನಿನಲ್ಲಿ ಹೌದು ಬಂದರೆ ಜಾರಿಯಾಗಬೇಕು ಎಂದು ಬರೆದಿತ್ತು. 2015ರ ಯುರೋಪ್ ಕಾನೂನಿನಲ್ಲಿ ಅಂಥ ಸಾಲೇ ಇರಲಿಲ್ಲ. ಕರಪತ್ರದಲ್ಲಿದ್ದ ಮಾತು ಕಾನೂನಿನಲ್ಲಿಲ್ಲ! ಮತ್ತೆ ಕೇಳುವ ಗಡುವು ಇರುವುದು ಉತ್ತರ ಐರ್ಲೆಂಡಿನ ಕಾನೂನಿನಲ್ಲಿ: ಐರ್ಲೆಂಡಿನ ಜೊತೆ ಒಂದಾಗಬೇಕೇ ಎಂದು ಕೇಳುವ ಗಡಿ ಮತದಾನ ಒಮ್ಮೆ ಆದರೆ ಏಳು ವರ್ಷ ಮತ್ತೊಂದು ಮಾಡುವ ಹಾಗಿಲ್ಲ. ಸ್ಕಾಟ್ಲೆಂಡಿಗೂ ಅಂಥದ್ದೊಂದು ಸಾಲು, 2014ರ ಮತದಾನಕ್ಕೆ ದಾರಿ ಮಾಡಿದ 2012ರ ಎಡಿನ್‌ಬರೋ ಒಪ್ಪಂದದಲ್ಲೇ ಬಿದ್ದಿದ್ದರೆ ಅರ್ಧ ಜಗಳ ಹುಟ್ಟುತ್ತಲೇ ಇರಲಿಲ್ಲ.

ಗೆಲುವಿನ ಗೆರೆಯ ಬಗ್ಗೆ ಮಾತ್ರ ಹುಷಾರಾಗಿರಿ. ಶೇ 60 ಬೇಕು ಎಂದು ಇಡೋಣ ಎನ್ನುವವರಿಗೆ ನಾನು ಸ್ಕಾಟ್ಲೆಂಡಿನ 1979ರ ಕಥೆ ಹೇಳುತ್ತೇನೆ. ಆ ಮಾರ್ಚ್ 1ರಂದು ಇಲ್ಲಿಗೊಂದು ಸ್ವಂತ ಅಸೆಂಬ್ಲಿ ಬೇಕೇ ಎಂದು ಕೇಳಿದರು. ಶೇ 51.6 ಹೌದು ಎಂದರು. ಆದರೆ ಪಟ್ಟಿಯಲ್ಲಿರುವ ಒಟ್ಟು ಮತದಾರರಲ್ಲಿ ಶೇ 40 ಹೌದು ಎನ್ನಬೇಕು ಎಂಬ ಗೆರೆ ಇತ್ತು. ಬಂದದ್ದು ಶೇ 32.9. ಗೆದ್ದವರು ಬರಿಗೈಯಲ್ಲಿ ಮನೆಗೆ ಹೋದರು, ಆ ಕಹಿ ಹದಿನೆಂಟು ವರ್ಷ ಹೋಗಲಿಲ್ಲ. 1997ರ ಸೆಪ್ಟೆಂಬರ್ 11ರಂದು ಮತ್ತೆ ಕೇಳಿದಾಗ ಶೇ 74.3 ಹೌದು ಎಂದರು. ಈಗ ಎರಡನೇ ಮತದಾನ ಬೇಕೇ ಬೇಡವೇ ಎಂದು ಸ್ಕಾಟ್ಲೆಂಡಿನ ಸದಸ್ಯರು ಕೂತು ಕಿತ್ತಾಡುವ ಪಾರ್ಲಿಮೆಂಟು ಕಟ್ಟಿದ್ದು ಆ ಎರಡನೇ ಮತದಾನದಿಂದಲೇ.